ಹಿತ್ತಲಿಗೆ ಈ ಮಣ್ಣಿನ ಗಿಡ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 25 ಕಿಲೋಮೀಟರ್ ದಾರಿ. ಬೆಟ್ಟದ ಬುಡದಲ್ಲಿ ಮುಳ್ಳುಕಂಟಿಯ ಕುರುಚಲು ಕಾಡು. ಮೇಲೇರಿದಂತೆ ದಿಂಡಿಗ, ಮತ್ತಿ, ಹೊನ್ನೆ ಬೆಳೆಯುವ ಎಲೆ ಉದುರುವ ಕಾಡು ಸಿಗುತ್ತದೆ. ಇನ್ನೂ ಒಳಗೆ ಹೋದರೆ ಹಳ್ಳಗಳ ಇಕ್ಕೆಲದಲ್ಲಿ ನಿತ್ಯಹಸಿರು ಕಾಡಿದೆ. ಬೆಟ್ಟಸಾಲಿನ ನೆತ್ತಿಗಳಲ್ಲಿ ಹುಲ್ಲುಗಾವಲೂ ಶೋಲಾ ಕಾಡೂ ಇವೆ. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಬಗೆಯ ಕಾಡು ಬೆಳೆಯಲು ಮುಖ್ಯ ಕಾರಣ ಮಳೆ. ಬೆಟ್ಟದ ಬುಡದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಎತ್ತರದ ಜಾಗಗಳಲ್ಲಿ ಅದು 3000 ಮಿಲಿಮೀಟರ್‌ವರೆಗೂ ಏರುತ್ತದೆ.

ಹನೂರಿನ ಆಚೆ, ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳ ಸೀಮೆ ಮತ್ತು ಕಾವೇರಿ ಕಣಿವೆಯಲ್ಲಿ ಬಹುಪಾಲು ಒಣಕಾಡೇ ಇದೆ. ಕೊಳ್ಳೇಗಾಲದ ಬಯಲಿನಲ್ಲಿ ನೀರಿರುವ ಕಡೆ ಭತ್ತ, ಕೆಂಪು ಮಣ್ಣಿನಲ್ಲಿ ಹಿಪ್ಪುನೇರಳೆ, ರಾಗಿ, ಜೋಳ ಬೆಳೆಯುತ್ತಾರೆ. ಹಾಗಾಗಿ ಯಳಂದೂರು, ಹನೂರು, ಕೊಳ್ಳೇಗಾಲ ಈ ಮೂರು ತಾಲ್ಲೂಕುಗಳಲ್ಲಿ ಹಿತ್ತಲಿಗೆ ಗಿಡ ಆರಿಸುವವರು ಮೊದಲು ತಮ್ಮ ಮನೆ ಯಾವ ಮಳೆಯ, ಯಾವ ಮಣ್ಣಿನ ಪಟ್ಟಿಯಲ್ಲಿದೆ ಎಂದು ನೋಡಿಕೊಳ್ಳಬೇಕು. ಬೆಟ್ಟದ ಮೇಲೆ ಸೊಂಪಾಗಿ ಬೆಳೆಯುವ ಸಂಪಿಗೆ, ಹನೂರಿನ ಒಣ ಹಿತ್ತಲಿನಲ್ಲಿ ನೀರುಣಿಸದೆ ನಿಲ್ಲಲಾರದು.

ತೋಟದಿಂದ ಕಾಡಿಗೆ ಹೋದ ಗಿಡ

ಗಿಡದ ಆಯ್ಕೆ ಮನೆಯವರಿಗೆ ಮಾತ್ರ ಸೇರಿದ ವಿಚಾರವಲ್ಲ. ಇದಕ್ಕೆ ದೊಡ್ಡ ಸಾಕ್ಷಿ ಲಂಟಾನ. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದದ ಹೂವಿಗಾಗಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ಪರಿಶೀಲಿಸಿದ ಜಾಗಗಳ ಪೈಕಿ ಐದರಲ್ಲಿ ಎರಡು ಪಾಲಿನಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಐದರಲ್ಲಿ ನಾಲ್ಕು ಪಾಲಿಗೆ ಹಬ್ಬಿತ್ತು. ಅದರ ಪೊದೆ ದಟ್ಟವಾದ ಕಡೆ ಮರಗಳ ಎಳೆ ಸಸಿಗಳಿಗೆ ಬೆಳಕಿಲ್ಲ, ಹುಲ್ಲಿಲ್ಲ, ಹುಲ್ಲು ಮೇಯುವ ಪ್ರಾಣಿಗಳಿಗೆ ಮೇವಿಲ್ಲ. ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಲಂಟಾನದ ಕೋಲಿನಲ್ಲಿ ಬುಟ್ಟಿ, ಕುರ್ಚಿ ಹೆಣೆಯಲು ಕಲಿತವರಿದ್ದಾರೆ. ಜೀವನಕ್ಕೆ ಅದು ಒಳ್ಳೆಯ ಆಸರೆ. ಆದರೆ ಹಬ್ಬಿದ ವೇಗದಲ್ಲಿ ಅದನ್ನು ಕಡಿದು ಮುಗಿಸಲು ಯಾರಿಂದಲೂ ಆಗಿಲ್ಲ.

ಇದೇ ದಾರಿಯಲ್ಲಿ ಈಗ ಇನ್ನೊಂದು ಮರ ಹೊರಟಿದೆ. ನೆರಳಿಗೂ ಅಂದಕ್ಕೂ ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಪರದೇಶಿ ಮರ ಬಂಡೀಪುರ, ಮುದುಮಲೆ, ವಯನಾಡಿನ ಕಾಡುಗಳನ್ನು ಹೊಕ್ಕಿದೆ. ಹಲವರು ಇದನ್ನೇ ನಮ್ಮ ಕಕ್ಕೆ ಎಂದುಕೊಳ್ಳುತ್ತಾರೆ. ಗುರುತಿಸುವುದು ಸುಲಭ: ಕಕ್ಕೆಯ ಹೂಗೊಂಚಲು ಬೇಸಿಗೆಯಲ್ಲಿ ಕೆಳಗೆ ಜೋಲುತ್ತದೆ, ಈ ಮರದ ಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ. ಹಳದಿ ಹೂವು ಬೇಕೆನ್ನುವವರಿಗೆ ಕಕ್ಕೆಯೇ ಸಾಕು.

ಸೋಲಿಗರ ಅರಿವು

ಗಿಡಗಳ ಬಗ್ಗೆ ಕಲಿಯಲು ಈ ಸೀಮೆಯಲ್ಲಿ ಇಲ್ಲಿನ ಕಾಡಿನ ಬುಡಕಟ್ಟು ಜನರಾದ ಸೋಲಿಗರಿಗಿಂತ ದೊಡ್ಡ ಗುರುಗಳಿಲ್ಲ. ಅವರು ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಆ ಬೆಂಕಿ ಹೊಸ ಹುಲ್ಲು ಚಿಗುರಿಸುತ್ತಿತ್ತು, ಲಂಟಾನವನ್ನು ಎಳೆಯದರಲ್ಲೇ ಸುಡುತ್ತಿತ್ತು, ನೆಲ್ಲಿ ಮರವನ್ನು ಹೀರುವ ಬದನಿಕೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು ಎಂಬುದು ಹಿರಿಯ ಸೋಲಿಗರ ಅನುಭವದ ಮಾತು. ಈ ಬದನಿಕೆಯನ್ನು ಅವರು ಉಪ್ಪಿಲು ಎಂದು ಕರೆಯುತ್ತಾರೆ. 1974ರಲ್ಲಿ ಇಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ತರಗು ಬೆಂಕಿ ನಿಂತಿತು. ಇಂದು ಲಂಟಾನ ತುಂಬಿದ ಕಾಡಿಗೆ ಕಿಡಿ ಬಿದ್ದರೆ ಬೆಂಕಿ ಮರದ ನೆತ್ತಿಗೇರುತ್ತದೆ. ಹಾಗಾಗಿ ಈಗ ಯಾರೂ ತಾವಾಗಿ ಬೆಂಕಿ ಹಚ್ಚಬಾರದು. ಆದರೆ ಆ ಅರಿವಿನ ಹಿಂದಿದ್ದ ಸೂಕ್ಷ್ಮ ನೋಟವನ್ನು ನಾವು ಕಲಿಯಲೇಬೇಕು.

2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಕಾಡಿನ ನಡುವಿನ ದೊಡ್ಡ ಸಂಪಿಗೆ ಮರ ಇಂದಿಗೂ ಅವರ ಪೂಜೆ ಪಡೆಯುತ್ತಿದೆ. ಅಷ್ಟು ಹಳೆಯ ಮರ ಉಳಿದದ್ದರ ಹಿಂದೆ ತಲೆಮಾರುಗಳ ಭಕ್ತಿ ಇದೆ.

ಯಾವ ಜಾಗಕ್ಕೆ ಯಾವ ಗಿಡ

ಹನೂರು ಮತ್ತು ಕೊಳ್ಳೇಗಾಲದ ಒಣ ಜಾಗಕ್ಕೆ ಬೇವು, ಹುಣಸೆ, ಬಿಲ್ವ, ಕಕ್ಕೆ, ಮುತ್ತುಗ, ನೆಲ್ಲಿ ಒಗ್ಗುತ್ತವೆ. ನೀರಿನ ಆಸರೆ ಇರುವಲ್ಲಿ ಹೊಂಗೆ, ನೇರಳೆ, ಹಲಸು ಹಾಕಬಹುದು. ಬೆಟ್ಟದ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಸುತ್ತ ಸಂಪಿಗೆ ಚೆನ್ನ. ಶ್ರೀಗಂಧ ನೆಡುವವರು ಪಕ್ಕದಲ್ಲಿ ತೊಗರಿ ಹಾಕಬೇಕು, ಏಕೆಂದರೆ ಅದರ ಬೇರು ನೆರೆಯ ಗಿಡದ ಬೇರಿಗೆ ಅಂಟಿ ಆಹಾರ ಪಡೆಯುತ್ತದೆ.

ಬೇಲಿಗೆ ಲಕ್ಕಿ, ಬಂದರಿಕೆ, ಕವಳೆ ಒಳ್ಳೆಯವು. ಲಕ್ಕಿ ಮತ್ತು ಬಂದರಿಕೆಗೆ ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಲಕ್ಕಿ ಕಡ್ಡಿ ಊರಿದರೂ ಚಿಗುರುತ್ತದೆ, ಅದರ ಎಲೆ ಕಾಳಿನ ಹುಳ ತಡೆಯಲು ಬರುತ್ತದೆ. ಬೇಲಿಯ ಮೇಲೆ ಅಮೃತಬಳ್ಳಿ, ಮಂಗರವಳ್ಳಿ ಹಬ್ಬಿಸಬಹುದು. ಉಪ್ಪಿನಕಾಯಿಗೆ ಹೆಸರಾದ ಮಾಗಳಿ ಬೇರಿನ ಬಳ್ಳಿಯನ್ನೂ ಬೆಳೆಸಬೇಕು. ಬೇರಿಗಾಗಿಯೇ ಕಿತ್ತು ಕಿತ್ತು ಕಾಡಿನಲ್ಲಿ ಅದು ಅಪರೂಪವಾಗುತ್ತಿದೆ.

ಚಿಟ್ಟೆ ಬೇಕೆಂದರೆ ಹೂವು ಮಾತ್ರ ಸಾಲದು, ಮರಿಹುಳು ತಿನ್ನುವ ಎಲೆಯೂ ಬೇಕು. ಎಕ್ಕ, ಕರಿಬೇವು, ಬಿಲ್ವ, ಆವರಿಕೆ ಗಿಡಗಳಲ್ಲೂ ಈಶ್ವರಿ ಬಳ್ಳಿಯಲ್ಲೂ ಬೇರೆ ಬೇರೆ ಜಾತಿಯ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತಹ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಚಿಟ್ಟೆಯ ಮರಿ, ನಾಲ್ಕು ಎಲೆ ತಿಂದರೆ ಗಿಡ ಸಾಯುವುದಿಲ್ಲ.

ಬೀಜ, ಗುಂಡಿ, ನೀರು

ಬೇವು, ಸಂಪಿಗೆಯ ಬೀಜಗಳು ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ, ಹಣ್ಣಾದ ಕೂಡಲೇ ಬಿತ್ತಬೇಕು. ಸಂಪಿಗೆ ಬೀಜದ ಮೇಲಿನ ಕೆಂಪು ತಿರುಳನ್ನು ಉಜ್ಜಿ ತೊಳೆಯಬೇಕು. ಕಕ್ಕೆಯ ಬೀಜ ಗಟ್ಟಿ. ಅದರ ಸಿಪ್ಪೆಯನ್ನು ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಾಕಬೇಕು.

ಈ ಬಯಲಿನಲ್ಲಿ ಮುಂಗಾರು ತೆಳು, ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಗಟ್ಟಿ. ಬೇಸಿಗೆಯಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಆಗಸ್ಟ್ ಕೊನೆಯ ಹೊತ್ತಿಗೆ ಸಸಿ ನೆಟ್ಟರೆ ಬೇರೂರಲು ಹದ ಸಿಗುತ್ತದೆ. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಒಣನಾಡಿನ ಮರಗಳು ಆಮೇಲೆ ತಾವೇ ಬದುಕುತ್ತವೆ.

ಬೀಜಕ್ಕಾಗಿ ಅಭಯಾರಣ್ಯದೊಳಗೆ ಹೋಗಬೇಡಿ, ಕಾಡಿನ ಸಸಿ ಕಿತ್ತು ತರಬೇಡಿ. ಊರ ಮರ, ಗುಡಿಯ ಬನ, ಹೊಲದ ಬದುಗಳಲ್ಲೇ ಬೇಕಾದಷ್ಟು ಬೀಜ ಇದೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ರಿಯಾಯಿತಿ ದರದ ಸಸಿಯ ಜೊತೆಗೆ, ಬದುಕುಳಿದ ಗಿಡಗಳಿಗೆ ಪ್ರೋತ್ಸಾಹಧನವೂ ಇದೆ.

ಈ ವರ್ಷ ನಿಮ್ಮ ಮನೆಯ ಸುತ್ತ ತಾನಾಗಿ ಬೆಳೆದ ಹತ್ತು ಗಿಡಗಳ ಹೆಸರನ್ನು ಮನೆಯ ಅಥವಾ ಊರಿನ ಹಿರಿಯರಿಂದ ಕೇಳಿ ಬರೆದಿಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವುಗಳಲ್ಲಿ ಒಂದನ್ನು ಆರಿಸಿ ಹಿತ್ತಲಲ್ಲಿ ನೆಟ್ಟು ಬೆಳೆಸಿ. ಹಿತ್ತಲಿನ ಬೀಜ ಹಕ್ಕಿಯ ಹೊಟ್ಟೆಯಲ್ಲಿ ಕಾಡು ಸೇರುವುದನ್ನು ನಾವು ತಡೆಯಲಾರೆವು. ಅದು ಈ ನೆಲದ ಗಿಡದ ಬೀಜವೇ ಆಗಿರುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.