ಪೆನಿಸಿಲಿನ್‌ಗೆ ಬಗ್ಗದ ನ್ಯುಮೋನಿಯಾ

1976ರ ಜುಲೈ ಕೊನೆ. ಅಮೆರಿಕದ ಪೆನ್ಸಿಲ್ವೇನಿಯಾದ ಹಲವು ಊರುಗಳ ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ಬರತೊಡಗಿದರು. ವಿಪರೀತ ಜ್ವರ, ಕೆಮ್ಮು, ಎಕ್ಸ್‌-ರೇ ತೆಗೆದರೆ ನ್ಯುಮೋನಿಯಾ. ಬಹುತೇಕರು ಮಾಜಿ ಸೈನಿಕರು. ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ನಡೆದ, ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಸಮಾವೇಶಕ್ಕೆ ಹೋಗಿ ಬಂದವರು. ಪೆನಿಸಿಲಿನ್ ಜಾತಿಯ ಔಷಧಗಳು ನಾಟಲಿಲ್ಲ. 221 ಮಂದಿ ಕಾಯಿಲೆ ಬಿದ್ದರು, 34 ಮಂದಿ ತೀರಿಕೊಂಡರು.

ಹಂದಿಜ್ವರವಿರಬಹುದೇ, ನಿಕಲ್ ವಿಷವೇ ಎಂದು ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ (ಸಿಡಿಸಿ) ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾಗಳ ತಜ್ಞ ಜೋಸೆಫ್ ಮೆಕ್‌ಡೇಡ್ ಸತ್ತವರ ಶ್ವಾಸಕೋಶದ ಅಂಶವನ್ನು ಗಿನಿಯಿಲಿಗಳಿಗೆ ಚುಚ್ಚಿದರು. ಇಲಿಗಳಿಗೆ ಜ್ವರ ಬಂತು. ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡರೂ ಎಲ್ಲಿಂದಲೋ ಸೇರಿದ ಕಸವೆಂದು ಬಿಟ್ಟರು. ಅದೇ ಅಂಶವನ್ನು ಕೋಳಿಮೊಟ್ಟೆಗೂ ಹಾಕಿದ್ದರು. ಬೇಡದ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ರೂಢಿಯಂತೆ ಆಂಟಿಬಯೋಟಿಕ್ ಬೆರೆಸಿ. ಏನೂ ಬೆಳೆಯಲಿಲ್ಲ. ಬೆರೆಸಿದ ಆಂಟಿಬಯೋಟಿಕ್ಕೇ ಆರೋಪಿಯನ್ನು ಮರೆಮಾಡಿತ್ತು!

ಕ್ರಿಸ್‌ಮಸ್ ಮುಗಿದ ಮೇಲೆ, ಮನಸ್ಸು ತಡೆಯದೆ, ಮೆಕ್‌ಡೇಡ್ ಹಳೆಯ ಸ್ಲೈಡುಗಳನ್ನು ಮತ್ತೆ ತೆಗೆದರು. ಒಂದು ಮೂಲೆಯಲ್ಲಿ ಅದೇ ಕಡ್ಡಿಗಳು, ಈ ಸಲ ಗುಂಪಾಗಿ. ಆಂಟಿಬಯೋಟಿಕ್ ಬಿಟ್ಟು ಮೊಟ್ಟೆಯಲ್ಲಿ ಬೆಳೆಸಿದರು, ಬೆಳೆಯಿತು. ಬದುಕುಳಿದವರ ರಕ್ತದ ಸೀರಂ ಅದನ್ನು ಗುರುತು ಹಿಡಿಯಿತು. 1977ರ ಜನವರಿ 18ರಂದು ಸುದ್ದಿ ಹೊರಬಿತ್ತು. ಆ ಬ್ಯಾಕ್ಟೀರಿಯಾಕ್ಕೆ ಲೀಜನೆಲ್ಲಾ ಎಂದು ಹೆಸರಾಯಿತು. ತೆಗೆದಿಟ್ಟಿದ್ದ ಹಳೆಯ ಸೀರಂ ಪರೀಕ್ಷಿಸಿದಾಗ 1965ರಲ್ಲಿ ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಹಬ್ಬಿದ್ದೂ ಇದೇ ಎಂದು ತಿಳಿಯಿತು.

ಪೆನಿಸಿಲಿನ್ ಸೋತದ್ದೇಕೆ? ಲೀಜನೆಲ್ಲಾ ಶ್ವಾಸಕೋಶದ ಕಾವಲು ಕೋಶಗಳೊಳಗೇ ಮನೆ ಮಾಡುತ್ತದೆ. ಪೆನಿಸಿಲಿನ್‌ಗೆ ಅಲ್ಲಿ ಪ್ರವೇಶ ಕಷ್ಟ. ಕೋಶದೊಳಗೆ ಇಳಿಯಬಲ್ಲ ಎರಿತ್ರೊಮೈಸಿನ್, ಟೆಟ್ರಾಸೈಕ್ಲಿನ್ ಪಡೆದವರಲ್ಲಿ ಬದುಕಿದವರು ಹೆಚ್ಚು.

ಹೀಗಾಗಿ ಮೂರು ದಿನವಾದರೂ ಜ್ವರ ಇಳಿಯದ ನ್ಯುಮೋನಿಯಾದಲ್ಲಿ ಡೋಸ್ ಏರಿಸುವುದೊಂದೇ ದಾರಿಯಲ್ಲ. ಕೊಟ್ಟ ಔಷಧಕ್ಕೆ ಬಗ್ಗದ ರೋಗಾಣುವೇ, ಎದೆಗೂಡಿನಲ್ಲಿ ಕೀವು ತುಂಬಿದೆಯೇ, ಗಡ್ಡೆ ಶ್ವಾಸನಾಳಕ್ಕೆ ಅಡ್ಡ ಕೂತಿದೆಯೇ, ಇದು ಸೋಂಕೇ ಅಲ್ಲವೇ ಎಂದು ಹೊಸದಾಗಿ ನೋಡಬೇಕು. ನಮ್ಮಲ್ಲಂತೂ ಮೊದಲ ಅನುಮಾನ ಕ್ಷಯದ ಮೇಲೆ. ಲೀಜನೆಲ್ಲಾಕ್ಕೆ ಇಂದು ಕೊಡುವ ಲೆವೊಫ್ಲಾಕ್ಸಸಿನ್ ಕ್ಷಯವನ್ನೂ ಕೊಂಚ ಅದುಮಿಡುತ್ತದೆ. ರೋಗಿ ಚೇತರಿಸಿದಂತೆ ಕಂಡು ಪತ್ತೆ ತಡವಾಗುತ್ತದೆ. ಆ ಔಷಧವನ್ನು ಬರೆಯುವ ಮುನ್ನ ಕಫವನ್ನು ಕ್ಷಯದ ಪರೀಕ್ಷೆಗೆ ಕಳಿಸಬೇಕು.