ಅಪ್ಪಯ್ಯ ಕೂರದ ಕಾರು

ನಮ್ಮ ಮೊದಲ ಕಾರಿಗೆ ನಮಗಿಂತ ಮುಂಚೆ ಇಬ್ಬರು ಯಜಮಾನರಿದ್ದರು. ಮೊದಲನೆಯವರು ಭದ್ರಾವತಿಯ ಒಬ್ಬ ಡಾಕ್ಟರು, ಎರಡನೆಯವರು ಅಡಿಕೆ ಮಂಡಿಯ ಸಾಹುಕಾರರು. ಮೂರನೆಯವನು ನಾನು, ಶಿವಮೊಗ್ಗದ ಒಂದು ಬ್ಯಾಂಕಿನ ಗುಮಾಸ್ತ. ಕೊಂಡದ್ದು 1989ರ ಆಗಸ್ಟ್ ತಿಂಗಳಲ್ಲಿ. 1978ರ ಮಾಡೆಲ್ಲಿನ ಪ್ರೀಮಿಯರ್ ಪದ್ಮಿನಿ. ಬಣ್ಣ ಕಾಫಿಯದು, ಅದೂ ಹಾಲು ಜಾಸ್ತಿ ಡಿಕಾಕ್ಷನ್ ಕಮ್ಮಿ ಹಾಕಿದ ಕಾಫಿಯದು.

ಬೆಲೆ 38,000 ರೂಪಾಯಿ. ಹನ್ನೊಂದು ವರ್ಷದ ಹಳೆಯ ಕಾರಿಗೆ ಅಷ್ಟೊಂದು ಯಾಕೆ ಕೊಟ್ಟಿರಿ ಎಂದು ಈಗಿನ ಮಕ್ಕಳು ಕೇಳಬಹುದು. ಆ ಕಾಲವೇ ಹಾಗಿತ್ತು ಮಕ್ಕಳೇ. ಸರ್ಕಾರದ ಲೈಸೆನ್ಸ್ ಇಲ್ಲದೆ ಯಾರೂ ಕಾರು ತಯಾರಿಸುವಂತಿರಲಿಲ್ಲ. ಲೈಸೆನ್ಸ್ ಇದ್ದವರೂ ಇಷ್ಟೇ ತಯಾರಿಸಬೇಕೆಂದು ಮಿತಿಯಿತ್ತು. ನಾನು ಹುಡುಗನಾಗಿದ್ದಾಗಿನಿಂದ ರಸ್ತೆಯಲ್ಲಿ ಕಂಡದ್ದು ಮುಖ್ಯವಾಗಿ ಮೂರೇ ಬಗೆ. ಕಲ್ಕತ್ತದ ಹತ್ತಿರ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಬೊಂಬಾಯಿಯ ಕುರ್ಲಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಹೊಸ ಕಾರು ಬೇಕೆಂದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೂ ಮೊದಮೊದಲು ಅದಕ್ಕೂ ಸರದಿಯೇ. ಹೀಗಾಗಿ ಹಳೆಯ ಕಾರಿಗೂ ಗಿರಾಕಿ.

ಪದ್ಮಿನಿ ಎಂಬುದು ಚಿತ್ತೋಡದ ರಾಣಿಯ ಹೆಸರು. ಇಟಲಿಯ ಫಿಯೆಟ್ 1100 ಎಂಬ ಕಾರನ್ನೇ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಕಾರಿನ ಹಿಂದೆ ಪದ್ಮಿನಿ ಎಂದು ಬರೆದಿದ್ದರೂ ಜನ ಕೊನೆಯವರೆಗೂ ಕರೆದದ್ದು ಫಿಯೆಟ್ ಎಂದೇ.

ಗುಮಾಸ್ತನಿಗೆ ಕಾರು ಯಾಕೆ ಎಂದು ಆಗಲೂ ಕೆಲವರು ಕೇಳಿದರು. ನಮ್ಮ ಮ್ಯಾನೇಜರೇ ಸ್ಕೂಟರಿನಲ್ಲಿ ಬರುತ್ತಿದ್ದರು. (ಅದಕ್ಕೇ ನಾನು ಕಾರನ್ನು ಬ್ಯಾಂಕಿಗೆ ಒಯ್ಯುತ್ತಿರಲಿಲ್ಲ, ನಡೆದೇ ಹೋಗುತ್ತಿದ್ದೆ.) ಮನೆಯಲ್ಲಿ ನಾವು ಆರು ಜನ. ಅಪ್ಪಯ್ಯ, ಅಮ್ಮ, ನಾನು, ನನ್ನ ಹೆಂಡತಿ, ಮಗ, ಮಗಳು. ಅಮ್ಮನಿಗೆ ಮಂಡಿನೋವು. ಅವಳ ತವರು ತೀರ್ಥಹಳ್ಳಿಯ ಆಚೆ. ಬಸ್ಸು ಇಳಿದು ಎರಡು ಮೈಲಿ ನಡೆಯಬೇಕು. ಮೂರು ವರ್ಷದಿಂದ ಅವಳು ತವರಿಗೆ ಹೋಗಿರಲಿಲ್ಲ. ಉಳಿತಾಯ 10,000 ಇತ್ತು. ಹಳೆಯ ವಿಜಯ್ ಸೂಪರ್ ಸ್ಕೂಟರನ್ನು 4,000ಕ್ಕೆ ಮಾರಿದೆ. ಮಿಕ್ಕ 24,000 ರೂಪಾಯಿಯನ್ನು ನೌಕರರ ಸಹಕಾರ ಸಂಘದಲ್ಲಿ ಸಾಲ ತೆಗೆದೆ. ತಿಂಗಳಿಗೆ ಸುಮಾರು 650 ರೂಪಾಯಿಯಂತೆ 48 ಕಂತು.

ಗಂಟು ಬಿದ್ದದ್ದು ಈ ಸಾಲದಲ್ಲಿ.

ಅಪ್ಪಯ್ಯ ನಿವೃತ್ತ ಹೆಡ್‌ಮಾಸ್ತರು. ಅವರ ತಂದೆ, ಅಂದರೆ ನನ್ನ ಅಜ್ಜ, ಸಾಲಕ್ಕೆ ಅಡಿಕೆ ತೋಟ ಕಳೆದುಕೊಂಡವರು. ಅಸಲು ಹಾಗೇ ಉಳಿಯಿತು, ಬಡ್ಡಿಗೆ ತೋಟ ಹೋಯಿತು ಎಂದು ಅಪ್ಪಯ್ಯ ಹೇಳುತ್ತಿದ್ದರು. ಆಗ ಅವರಿಗೆ ಹನ್ನೊಂದು ವರ್ಷ. ಆಮೇಲೆ ವಾರಾನ್ನ ಉಂಡು ಓದಿದರು. ಅಂಗಡಿಯಲ್ಲಿ ಒಂದು ಸೇರು ಅಕ್ಕಿಯನ್ನೂ ಕಡ ತಂದವರಲ್ಲ. ಮಗ ಬ್ಯಾಂಕು ಸೇರಿದಾಗ, "ಸಾಲ ಕೊಡೋ ಕೆಲಸ ಮಾಡು, ತಗೊಳ್ಳೋ ಕೆಲಸ ಮಾಡಬೇಡ" ಎಂದಿದ್ದರು.

ಕಾರು ಮನೆಯ ಮುಂದೆ ಬಂತು. ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಬೀದಿಯ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಅಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಪ್ಪಯ್ಯ ಮಾತ್ರ ಗೇಟಿನಲ್ಲೇ ನಿಂತಿದ್ದರು.

"ಬನ್ನಿ ಅಪ್ಪಯ್ಯ, ಒಂದು ಸುತ್ತು ಹೋಗಿ ಬರೋಣ" ಎಂದೆ.

"ಕಂತು ಎಷ್ಟು ಅಂದೆ?"

"ನಲವತ್ತೆಂಟು."

"ಹಾಗಾದ್ರೆ ನಲವತ್ತೆಂಟೂ ತೀರಲಿ, ಆಮೇಲೆ ಕೂರ್ತೀನಿ. ನೀವು ಹೋಗಿ ಬನ್ನಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ತರಗತಿಯಲ್ಲಿ ಪಾಠದ ವೇಳಾಪಟ್ಟಿ ಓದಿದ ಹಾಗೆ ಹೇಳಿದರು. ಅಮ್ಮ ಎರಡು ದಿನ ಅವರ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ನಾವು ಅವಳನ್ನು ತವರಿಗೆ ಕರೆದುಕೊಂಡು ಹೋದೆವು. ಅಪ್ಪಯ್ಯ ಬಸ್ಸಿನಲ್ಲಿ ಬಂದರು. ಎರಡು ಮೈಲಿ ನಡೆದು, ನಮಗಿಂತ ಎರಡು ಗಂಟೆ ತಡವಾಗಿ.

ಹಾಗೆಂದು ಕಾರಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಶಾಲೆಗೆ ಹಾಜರಿ ಪುಸ್ತಕ ಇರುವಂತೆ ವಾಹನಕ್ಕೂ ಒಂದು ಪುಸ್ತಕ ಬೇಕು ಎಂದು ತಾವೇ ಒಂದು ಉದ್ದ ನೋಟ್‌ಬುಕ್ಕಿಗೆ ಗೆರೆ ಎಳೆದರು. ತಾರೀಖು, ಓಡಿದ ಕಿಲೋಮೀಟರ್, ಹಾಕಿದ ಪೆಟ್ರೋಲ್, ಕೊಟ್ಟ ಹಣ, ಕೊನೆಯಲ್ಲಿ ಷರಾ. ದಿನಾ ಸಂಜೆ ಟಾರ್ಚು ಹಿಡಿದು ಕಿಟಕಿಯ ಹೊರಗಿನಿಂದಲೇ ಬಗ್ಗಿ ಮೀಟರ್ ಓದುತ್ತಿದ್ದರು. ಬಾಗಿಲು ತೆಗೆದರೆ ಎಲ್ಲಿ ಕೂರಬೇಕಾಗುತ್ತದೋ ಎಂಬಂತೆ! ಆಗ ಪೆಟ್ರೋಲು ಲೀಟರಿಗೆ ಎಂಟೂವರೆ ರೂಪಾಯಿಯ ಆಸುಪಾಸು. ಮುಂದಿನ ವರ್ಷ ಇರಾಕು ಕುವೈತಿನ ಮೇಲೆ ನುಗ್ಗಿದ ಮೇಲೆ ಬೆಲೆ ಒಮ್ಮೆಲೇ ಜಿಗಿಯಿತು. ಆ ವಾರದ ಷರಾದಲ್ಲಿ "ಅನಗತ್ಯ ಓಡಾಟ ನಿಲ್ಲಿಸುವುದು" ಎಂದಿದೆ. ಸರ್ಕಾರಿ ಸುತ್ತೋಲೆಯ ಧಾಟಿ.

ಮಕ್ಕಳೇ, ಆ ಕಾರನ್ನು ಓಡಿಸುವುದು ಈಗಿನಂತೆ ಸುಲಭವಿರಲಿಲ್ಲ. ಗೇರು ಕಾಲಿನ ಪಕ್ಕ ಇರಲಿಲ್ಲ. ಸ್ಟೀರಿಂಗ್ ಕೆಳಗೆ ಎಡಗಡೆಗೆ ಚಾಚಿಕೊಂಡ ಒಂದು ಕೋಲು. ಅದನ್ನು ಎಳೆದು ಮೇಲೆ ಕೆಳಗೆ ಮಾಡಬೇಕು. ಎಸಿ ಇಲ್ಲ, ಸೀಟ್ ಬೆಲ್ಟ್ ಇಲ್ಲ. ಕಿಟಕಿಯ ಮೂಲೆಯಲ್ಲಿ ತ್ರಿಕೋನದ ಪುಟ್ಟ ಗಾಜು. ಅದನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ನನ್ನ ಮಗಳು ಅದಕ್ಕೆ "ಕಾರಿನ ಕಿವಿ" ಎಂದು ಹೆಸರಿಟ್ಟಿದ್ದಳು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು. ತಣ್ಣಗಿರುವ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಬೇಕು. ಚೋಕ್ ಮಾಡುತ್ತಿದ್ದದ್ದು ಅದನ್ನೇ. ಹೆಚ್ಚು ಹೊತ್ತು ಎಳೆದಿಟ್ಟರೆ ಪೆಟ್ರೋಲ್ ತುಂಬಿ ಅದು ಇನ್ನೂ ಮುನಿಸಿಕೊಳ್ಳುತ್ತಿತ್ತು. ಆಗ ತಳ್ಳುವುದೊಂದೇ ದಾರಿ. ಬೀದಿಯ ಹುಡುಗರು ಹಲ್ಲುಜ್ಜುತ್ತಲೇ ಓಡಿ ಬರುತ್ತಿದ್ದರು. ತಳ್ಳಿದವರಿಗೆ ಭಾನುವಾರ ಒಂದು ಸುತ್ತು ಎಂದು ಮಾತು. ಒಂದು ಭಾನುವಾರ ಒಂಬತ್ತು ಹುಡುಗರನ್ನು ಕೂರಿಸಿದ್ದು ನೆನಪಿದೆ. ಇದನ್ನು ಯಾರೂ ಈಗ ಮಾಡಬೇಡಿ.

1991ರ ಏಪ್ರಿಲ್ ಹೊತ್ತಿಗೆ 20 ಕಂತು ಮುಗಿದಿತ್ತು, 28 ಬಾಕಿ. ಅಪ್ಪಯ್ಯನ ಎಡಗಣ್ಣು ಮಬ್ಬಾಗಿತ್ತು. ಪೊರೆಯ ಜೊತೆಗೆ ಕಣ್ಣಿನೊಳಗೆ ಒತ್ತಡವೂ ಇದೆ, ಮಣಿಪಾಲಕ್ಕೆ ಹೋಗುವುದು ಒಳ್ಳೆಯದು ಎಂದರು ನಮ್ಮ ಊರಿನ ಡಾಕ್ಟರು. ಆಪರೇಷನ್ ಆದ ಮೇಲೆ ಕಣ್ಣಿಗೆ ಅಲುಗಾಟ ಆಗಬಾರದು, ಕೆಮ್ಮಬಾರದು, ಮುಖ್ಯವಾಗಿ ವಾಂತಿಯಾಗಬಾರದು ಎಂದೂ ಹೇಳಿದರು. ಮಣಿಪಾಲಕ್ಕೆ ಆಗುಂಬೆ ಘಾಟಿಯ ದಾರಿ, ಸುಮಾರು 150 ಕಿಲೋಮೀಟರ್. ಹದಿನಾಲ್ಕು ಹೇರ್‌ಪಿನ್ ತಿರುವು. ಘಾಟಿಯಲ್ಲಿ ಬಸ್ಸು ಹತ್ತಿದರೆ ಅಪ್ಪಯ್ಯನಿಗೆ ಎರಡನೆಯ ತಿರುವಿಗೇ ಹೊಟ್ಟೆ ತೊಳಸುತ್ತಿತ್ತು. ಕಿಟಕಿ ತೆರೆದು ನಿಧಾನ ಹೋದರೆ ಏನೂ ಆಗುತ್ತಿರಲಿಲ್ಲ.

ನಾನು ಏನೂ ಹೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ರಾತ್ರಿಯೆಲ್ಲ ಅವರು ಮಗ್ಗುಲು ಬದಲಿಸುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತ, "ಹೋಗಿ ಬರೋಕೆ ಪೆಟ್ರೋಲ್ ಎಷ್ಟು ಬೇಕು?" ಎಂದರು.

"ಇಪ್ಪತ್ತೈದು ಲೀಟರ್ ಆಗಬಹುದು."

"ಅದರ ಹಣ ನಂದು. ಬಾಡಿಗೆ ಕಾರು ಅಂತ ತಿಳ್ಕೋತೀನಿ."

ಹೊರಟ ದಿನ ಪೆಟ್ರೋಲ್ ಬಂಕಿನಲ್ಲಿ ಪಿಂಚಣಿಯ ಹಣದಿಂದ ತಾವೇ ಕೊಟ್ಟರು. ರಸೀದಿಯನ್ನು ತಮ್ಮ ಹೆಸರಿಗೇ ಬರೆಸಿದರು. ಬಾಡಿಗೆ ಕಾರಿನಲ್ಲಿ ಕೂತಂತೆ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತರು. ಪಕ್ಕದಲ್ಲಿ ಅಮ್ಮ. ಶಾಲೆಗೆ ರಜೆಯಿತ್ತು, ಮಗ ನನ್ನ ಪಕ್ಕ. ಅವನಿಗೊಂದು ಕೆಲಸವಿತ್ತು. ಡಿಕ್ಕಿಯಲ್ಲಿ ಒಂದು ಮರದ ಅಡೆ ಇರುತ್ತಿತ್ತು. ಏರಿನಲ್ಲಿ ಕಾರು ನಿಂತರೆ ಅವನು ಹಾರಿ ಇಳಿದು ಅದನ್ನು ಹಿಂದಿನ ಚಕ್ರಕ್ಕೆ ಕೊಡಬೇಕು. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಳೆಯ ಡ್ರೈವರುಗಳ ಪಾಠ. ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಹಾಗೇ ಇಳಿದೆವು.

ಆಪರೇಷನ್ ಚೆನ್ನಾಗಿ ಆಯಿತು. ವಾರದ ನಂತರ ಮನೆಗೆ ಹೊರಡುವ ದಿನ ಕಾಗದಪತ್ರ ಮುಗಿಯುವಷ್ಟರಲ್ಲಿ ಹನ್ನೊಂದು ಗಂಟೆ. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ನೆತ್ತಿಯ ಮೇಲೆ ಸೂರ್ಯ. ಆರೇಳು ತಿರುವು ಹತ್ತಿದ್ದೆವು. ಇಂಜಿನ್ನು ಎರಡು ಸಲ ಮುಕ್ಕರಿಸಿತು, ನಿಂತೇಹೋಯಿತು. ಹಿಂದಿನ ಸೀಟಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ ಅಪ್ಪಯ್ಯ. ಒಂದು ಕಡೆ ಕಾಡಿನ ಗೋಡೆ, ಇನ್ನೊಂದು ಕಡೆ ಪ್ರಪಾತ. ಮಗ ಅಷ್ಟರಲ್ಲಿ ಅಡೆ ಕೊಟ್ಟಾಗಿತ್ತು.

ಏನಾಗಿದೆ ಎಂದು ಬಾನೆಟ್ ಎತ್ತಿದ ಕೂಡಲೇ ಗೊತ್ತಾಯಿತು. ಆ ಕಾಲದ ಕಾರುಗಳಿಗೆ ಬಿಸಿಲಿನ ಏರಿನಲ್ಲಿ ಬರುತ್ತಿದ್ದ ಕಾಯಿಲೆ ಅದು, ವೇಪರ್ ಲಾಕ್ ಎನ್ನುತ್ತಿದ್ದರು. ಪೆಟ್ರೋಲನ್ನು ಎಳೆದು ಕೊಡುವ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಇಂಜಿನ್ನು ವಿಪರೀತ ಕಾದಾಗ ಪಂಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪಿಗೆ ದ್ರವವನ್ನು ತಳ್ಳಲು ಬರುತ್ತದೆ, ಆವಿಯನ್ನು ತಳ್ಳಲು ಬರುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲಿದ್ದೂ ಇಂಜಿನ್ನಿಗೆ ಉಪವಾಸ. ಮದ್ದು ಸುಲಭ: ಒದ್ದೆ ಬಟ್ಟೆ. ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ.

ಕುಡಿಯುವ ನೀರು ಎರಡು ಬಾಟಲಿ ಇತ್ತು. ಬಟ್ಟೆ ಹುಡುಕುತ್ತಿದ್ದೆ. ಹಿಂದಿನಿಂದ ಅಪ್ಪಯ್ಯನ ದನಿ.

"ಏನು ಬೇಕೋ?"

"ಒಂದು ಬಟ್ಟೆ ಅಪ್ಪಯ್ಯ. ದಪ್ಪಗಿರಬೇಕು."

ಅವರ ಹೆಗಲ ಮೇಲಿನ ಟವಲು ಕಿಟಕಿಯಿಂದ ಹೊರಗೆ ಬಂತು. ಬಿಳಿ ಟವಲು. ಅದನ್ನು ಅವರು ತಾವೇ ಒಗೆಯುತ್ತಿದ್ದರು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

"ಇದು ಗ್ರೀಸ್ ಆಗುತ್ತೆ" ಎಂದೆ.

"ಆಗಲಿ. ಕಾರೂ ಪಾಪ ಬಿಸಿಲಲ್ಲಿ ಹತ್ತಿದೆ."

ನಲವತ್ತು ನಿಮಿಷ ನಿಂತೆವು. ಅಮ್ಮ ಬೀಸಣಿಗೆಯಲ್ಲಿ ಅವರಿಗೆ ಗಾಳಿ ಹಾಕುತ್ತಿದ್ದಳು. ಮೇಲಿನಿಂದ ಬಂದ ಒಂದು ಮಿನಿ ಬಸ್ಸಿನ ಡ್ರೈವರು ನಿಲ್ಲಿಸಿ ಇನ್ನೊಂದು ಕ್ಯಾನ್ ನೀರು ಕೊಟ್ಟರು. ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ನೀರು ಕೊಡಬೇಕೆಂದು ನಿಯಮವಿಲ್ಲ, ಆದರೂ ಎಲ್ಲರೂ ಕೊಡುತ್ತಿದ್ದರು. ಆಮೇಲೆ ಸೆಲ್ಫ್ ಹೊಡೆದರೆ ಇಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಆಗುಂಬೆ ತಲುಪುವವರೆಗೂ ಯಾರೂ ಉಸಿರೆತ್ತಲಿಲ್ಲ. ಅಪ್ಪಯ್ಯನಿಗೆ ವಾಂತಿ ಆಗಲಿಲ್ಲ. ಕಣ್ಣು ಉಳಿಯಿತು. ಆರು ವಾರದ ನಂತರ ಕನ್ನಡಕ ಹಾಕಿಕೊಂಡು ಪೇಪರು ಓದಿದರು.

ಆ ನೋಟ್‌ಬುಕ್ ನನ್ನ ಬಳಿ ಈಗಲೂ ಇದೆ. ಏಪ್ರಿಲಿನ ಆ ಸಾಲು ಮಾತ್ರ ಐದನೆಯ ತರಗತಿಯ ನನ್ನ ಮಗನ ಕೈಬರಹದಲ್ಲಿದೆ; ಪಟ್ಟಿ ಕಟ್ಟಿದ್ದ ತಾತ ಹೇಳಿ ಬರೆಸಿದ್ದು. ಷರಾ ಹೀಗಿದೆ: "ಘಾಟಿಯಲ್ಲಿ 40 ನಿಮಿಷ ನಿಂತಿತು. ವಾಹನದ ದೋಷವಲ್ಲ, ಬಿಸಿಲು. ಟವಲ್ 1 ಖರ್ಚು."

ಇಷ್ಟಾದ ಮೇಲೆ ಅಪ್ಪಯ್ಯ ಕಾರಿನಲ್ಲಿ ಓಡಾಡಿದರು ಎಂದುಕೊಂಡಿರಾ? ಇಲ್ಲ. ಕಣ್ಣು ತೋರಿಸಲು ಮತ್ತೆರಡು ಸಲ ಹೋದಾಗಲೂ ಪೆಟ್ರೋಲಿನ ಹಣ ಅವರದೇ. ಉಳಿದಂತೆ ನಡಿಗೆ, ಬಸ್ಸು, ಟಾರ್ಚು, ಮೀಟರು.

1993ರ ಆಗಸ್ಟಿನಲ್ಲಿ ಕೊನೆಯ ಕಂತು ಕಟ್ಟಿದೆ. ಸಂಘದವರು ಬಾಕಿ ಇಲ್ಲವೆಂದು ಕೊಟ್ಟ ಪತ್ರವನ್ನು ಅಪ್ಪಯ್ಯನ ಕೈಗಿಟ್ಟೆ. ಎರಡು ಸಲ ಓದಿದರು. ಮಡಚಿ ದೇವರ ಮುಂದೆ ಇಟ್ಟರು. ಒಳಗೆ ಹೋಗಿ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಬಂದು, ಈ ಸಲ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತರು.

"ಎಲ್ಲಿಗೆ ಅಪ್ಪಯ್ಯ?"

"ಎಲ್ಲಿಗಾದ್ರೂ. ಕೆಲಸ ಇರಬಾರದು ಅಷ್ಟೇ."

ಗಾಜನೂರಿಗೆ ಹೋದೆವು. ತುಂಗೆ ತುಂಬಿತ್ತು, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಮಳೆ ಹನಿಯುತ್ತಿದ್ದರೂ ಅವರು "ಕಾರಿನ ಕಿವಿ" ಮುಚ್ಚಲು ಬಿಡಲಿಲ್ಲ. ಹಾಗೇ ಮುಂದೆ ಸಕ್ರೆಬೈಲಿಗೆ ಹೋಗಿ ಆನೆಗಳನ್ನು ನೋಡಿ, ಬಿಸಿ ಬೋಂಡ ತಿಂದು ಬಂದೆವು. ಆ ದಿನದ ಷರಾ ಕಾಲಮ್ಮಿನಲ್ಲಿ ಅವರು ಏನೂ ಬರೆದಿಲ್ಲ. ಕಿಲೋಮೀಟರ್ ಮಾತ್ರ ಇದೆ.

ಆಮೇಲೆ ನಾಲ್ಕು ವರ್ಷ ಅವರು ಆ ಸೀಟು ಬಿಟ್ಟುಕೊಟ್ಟವರಲ್ಲ. ಮಕ್ಕಳೂ ಕೇಳುತ್ತಿರಲಿಲ್ಲ. 1997ರಲ್ಲಿ ಅಪ್ಪಯ್ಯ ಹೋದರು. ನೋಟ್‌ಬುಕ್ಕಿನಲ್ಲಿ ಅಲ್ಲಿಂದ ಮುಂದೆ ನನ್ನ ಅಕ್ಷರ, ಗೆರೆಗಳೂ ಸೊಟ್ಟ.

1999ರಲ್ಲಿ ಕಾರು ಮಾರಿದೆ. ಬಿಡಿಭಾಗ ಸಿಗುವುದು ಕಷ್ಟವಾಗುತ್ತಿತ್ತು. ಕೊಳ್ಳಲು ಬಂದ ಗ್ಯಾರೇಜಿನವರು ಬಾನೆಟ್ಟಿಗಿಂತ ಹೆಚ್ಚು ಹೊತ್ತು ನೋಡಿದ್ದು ಆ ನೋಟ್‌ಬುಕ್ಕನ್ನು. ಹತ್ತು ವರ್ಷದ ಒಂದೊಂದು ಲೀಟರಿಗೂ ಲೆಕ್ಕ ಇರುವ ಗಾಡಿ ತಾವು ಕಂಡಿಲ್ಲ ಎಂದರು. 22,000ಕ್ಕೆ ಮಾತಾಯಿತು. ಹಣ ಎಣಿಸುವಾಗ, "ಪುಸ್ತಕಾನೂ ಕೊಡ್ತೀರಲ್ಲ ಸಾರ್?" ಎಂದರು.

"ಪುಸ್ತಕ ಇಲ್ಲ, ಕಾರು ಮಾತ್ರ" ಎಂದೆ.

ಅದಕ್ಕೆ ಅವರು 500 ರೂಪಾಯಿ ಹಿಡಿದುಕೊಂಡರು. ನಾನು ಚೌಕಾಸಿ ಮಾಡಲಿಲ್ಲ.