ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನರವಿಜ್ಞಾನ ವ್ಯಾಸಂಗ

ನರವಿಜ್ಞಾನವು ಮೆದುಳು, ಬೆನ್ನುಹುರಿ ಹಾಗೂ ನರಗಳ ರಚನೆ, ಕಾರ್ಯ ಮತ್ತು ವಿಕಾರಗಳನ್ನು ಅಭ್ಯಸಿಸುವ ಶಾಸ್ತ್ರ. ಜೀವಶಾಸ್ತ್ರ, ವೈದ್ಯಶಾಸ್ತ್ರ, ಮನಶ್ಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಕವಿಜ್ಞಾನಗಳು ಇದರಲ್ಲಿ ಕೂಡಿಕೊಂಡಿವೆ. ಕರ್ನಾಟಕದಲ್ಲಿ ಇದರ ಸಂಶೋಧನೆಯು ಹೆಚ್ಚಾಗಿ ಬೆಂಗಳೂರಿನ ಸರ್ಕಾರಿ ಸಂಸ್ಥೆಗಳಲ್ಲಿ ಬೆಳೆದಿದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯವು ಬಹುಮಟ್ಟಿಗೆ ಬೇರೆ ಹೆಸರಿನ ಪದವಿಗಳೊಳಗೆ ದೊರೆಯುತ್ತದೆ.

ಹಿನ್ನೆಲೆ

ನರಮಂಡಲದ ರಚನೆಯ ಅಧ್ಯಯನಕ್ಕಾಗಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಮತ್ತು ಸ್ಪೇನಿನ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್ ಅವರಿಗೆ 1906ರ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಗಾಲ್ಜಿ ಕಂಡುಹಿಡಿದ ಬಣ್ಣಗಟ್ಟುವ ವಿಧಾನವನ್ನೇ ಬಳಸಿ ಕಹಾಲ್, ಪ್ರತಿ ನರಕೋಶವೂ ಪ್ರತ್ಯೇಕ ಘಟಕವೆಂಬ ನಿಲುವಿಗೆ ಬಂದರು. ಗಾಲ್ಜಿ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. (ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಆರಂಭವಾದದ್ದೂ ಅದೇ 1906ರಲ್ಲಿ.) ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗ ಅಂದಾಜಿಸಲಾಗಿದೆ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, 1974ರಲ್ಲಿ ರೂಪುಗೊಂಡಿತು. ಅಲ್ಲಿನ ಮಾನವ ಮೆದುಳು ಬ್ಯಾಂಕ್ ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಸಂರಕ್ಷಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವು 2009ರಲ್ಲಿ ಸ್ಥಾಪನೆಯಾಯಿತು. ಖಾಸಗಿ ವಲಯದ ಆರಂಭ ಇದಕ್ಕಿಂತ ಹಳೆಯದು: ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು.

‘ಖಾಸಗಿ’ ಎಂಬುದರ ಅರ್ಥ

ಜನಬಳಕೆಯಲ್ಲಿ ಒಂದೇ ಎನಿಸುವ ಮೂರು ಬಗೆಯ ಸಂಸ್ಥೆಗಳು ಕಾನೂನಿನ ದೃಷ್ಟಿಯಲ್ಲಿ ಬೇರೆಬೇರೆ. ರಾಜ್ಯದ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ್ದು ಖಾಸಗಿ ವಿಶ್ವವಿದ್ಯಾಲಯ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದಕ್ಕೆ ಉದಾಹರಣೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಯ್ದೆಯ 3ನೆಯ ವಿಧಿಯಡಿ ಮಾನ್ಯತೆ ಪಡೆದದ್ದು ಪರಿಗಣಿತ ವಿಶ್ವವಿದ್ಯಾಲಯ. ಮಣಿಪಾಲ (1993), ಬೆಳಗಾವಿಯ ಕೆ.ಎಲ್.ಇ. (2006) ಮತ್ತು ವಿಜಯಪುರದ ಬಿ.ಎಲ್.ಡಿ.ಇ. (2008) ಈ ವರ್ಗದವು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಖಾಸಗಿ ಆಡಳಿತದ್ದಾದರೂ ಸ್ವತಃ ವಿಶ್ವವಿದ್ಯಾಲಯವಲ್ಲ; ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು.

ವ್ಯಾಸಂಗದ ದಾರಿಗಳು

ಹೆಚ್ಚಿನ ಗೊಂದಲ ಉಂಟಾಗುವುದು ಇಲ್ಲಿಯೇ. ನರರೋಗಿಗಳಿಗೆ ಚಿಕಿತ್ಸೆ ನೀಡುವವರು ನರರೋಗತಜ್ಞರು. ಅದಕ್ಕೆ ಎಂ.ಬಿ.ಬಿ.ಎಸ್., ಬಳಿಕ ಎಂ.ಡಿ., ಆ ಮೇಲೆ ಮೂರು ವರ್ಷಗಳ ಡಿ.ಎಂ. ಅಗತ್ಯ, ನರಶಸ್ತ್ರಚಿಕಿತ್ಸೆಗೆ ಎಂ.ಸಿಎಚ್. ಪದವಿ ಬೇಕು. ನರವಿಜ್ಞಾನದಲ್ಲಿ ಎಂ.ಎಸ್‌ಸಿ. ಅಥವಾ ಪಿಎಚ್.ಡಿ. ಮಾಡಿದವರು ಸಂಶೋಧಕರು, ರೋಗಿಗೆ ಔಷಧ ಬರೆದುಕೊಡುವ ಅಧಿಕಾರ ಅವರಿಗಿಲ್ಲ. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಮುಂತಾದ ಪರೀಕ್ಷೆಗಳನ್ನು ನಡೆಸುವವರು ತಂತ್ರಜ್ಞರು. ಅವರದು ಪೂರಕ ಆರೋಗ್ಯ ವಿಜ್ಞಾನದ ಬಿ.ಎಸ್‌ಸಿ. ಮೂರೂ ಗೌರವದ ವೃತ್ತಿಗಳೇ. ಆದರೆ ಒಂದನ್ನು ಮತ್ತೊಂದೆಂದು ಭಾವಿಸಿ ಸೇರಿದ ವಿದ್ಯಾರ್ಥಿಗೆ ಮಧ್ಯದಲ್ಲಿ ದಾರಿ ಬದಲಿಸುವುದು ಸುಲಭವಲ್ಲ, ಕಟ್ಟಿದ ಶುಲ್ಕವೂ ಸಣ್ಣದಲ್ಲ.

ಸ್ನಾತಕ ಮಟ್ಟದಲ್ಲಿ ‘ನರವಿಜ್ಞಾನ’ ಎಂಬ ಹೆಸರಿನ ಪದವಿ ವಿರಳ. ಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಮನಶ್ಶಾಸ್ತ್ರದ ಪದವಿಯಲ್ಲಿ ಒಂದೆರಡು ಪತ್ರಿಕೆಗಳಾಗಿ ಅದು ಬರುತ್ತದೆ. ಅದು ಕೊರತೆಯೇನೂ ಅಲ್ಲ: ಸಂಶೋಧನೆಗೆ ಸೇರುವವರು ಮೂಲ ವಿಜ್ಞಾನಗಳಿಂದಲೂ ಎಂಜಿನಿಯರಿಂಗ್‌ನಿಂದಲೂ ಬರುತ್ತಾರೆ. ಅನುದಾನ ಆಯೋಗದ 2022ರ ನಿಯಮಗಳಂತೆ, ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಪಡೆದವರು ಸ್ನಾತಕೋತ್ತರ ಪದವಿಯಿಲ್ಲದೆಯೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು.

ಖಾಸಗಿ ಸಂಸ್ಥೆಯನ್ನು ಆರಿಸುವಾಗ ಕಟ್ಟಡಕ್ಕಿಂತ ಪ್ರಯೋಗಾಲಯವೇ ಮುಖ್ಯ. ನರಕೋಶದ ವಿದ್ಯುತ್ ಸಂಕೇತಗಳನ್ನು ಅಳೆಯುವ ಸಲಕರಣೆ, ಅನುಮತಿ ಪಡೆದ ಪ್ರಾಣಿಗೃಹ, ನೈತಿಕ ಸಮಿತಿ, ಬೋಧಕರ ಪ್ರಕಟಿತ ಸಂಶೋಧನೆ ಇವೆಯೇ ಎಂಬುದನ್ನು ನೋಡಬೇಕು. ಬೋಧನಾ ಆಸ್ಪತ್ರೆಯುಳ್ಳ ವಿಶ್ವವಿದ್ಯಾಲಯಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ; ಪಾರ್ಶ್ವವಾಯು, ಅಪಸ್ಮಾರಗಳಂತಹ ರೋಗಗಳನ್ನು ಅಲ್ಲಿ ಪುಸ್ತಕದ ಹೊರಗೂ ಕಾಣಬಹುದು.

ಅಮೀನಗಡ ಪರಿಸರದ ವಿದ್ಯಾರ್ಥಿಗಳು

ಅಮೀನಗಡ, ಹುನಗುಂದ, ಇಳಕಲ್ ಭಾಗದವರಿಗೆ ಬಾಗಲಕೋಟೆಯ ವೈದ್ಯಕೀಯ ಕಾಲೇಜು ಸಮೀಪದ್ದು. ವಿಜಯಪುರ, ಬೆಳಗಾವಿಗಳ ಪರಿಗಣಿತ ವಿಶ್ವವಿದ್ಯಾಲಯಗಳು ಅದಕ್ಕಿಂತ ದೂರ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು ನರಕೋಶ, ಮಹಾಮಸ್ತಿಷ್ಕ, ಅನುಮಸ್ತಿಷ್ಕ ಎಂಬ ಪದಗಳನ್ನು ಹತ್ತನೆಯ ತರಗತಿಯಲ್ಲೇ ಕಲಿತಿರುತ್ತಾರೆ. ಪಿ.ಯು.ಸಿ. ವಿಜ್ಞಾನದಲ್ಲಿ ಅವೇ ಪರಿಕಲ್ಪನೆಗಳು ಇಂಗ್ಲಿಷ್ ಹೆಸರುಗಳಲ್ಲಿ ಮರಳಿ ಬಂದಾಗ ಹೊಸ ವಿಷಯವೆಂದು ತೋರುವುದುಂಟು. ಜೀವಶಾಸ್ತ್ರದ ಜೊತೆಗೆ ಗಣಿತವನ್ನೂ ಉಳಿಸಿಕೊಂಡವರಿಗೆ ಮುಂದೆ ಗಣಕಾಧಾರಿತ ನರವಿಜ್ಞಾನ ಸುಲಭವಾಗುತ್ತದೆ.

ವೈದ್ಯಕೀಯ ದಾರಿಗೆ ನೀಟ್ ಕಡ್ಡಾಯ. ಪರಿಗಣಿತ ವಿಶ್ವವಿದ್ಯಾಲಯಗಳ ಎಂ.ಬಿ.ಬಿ.ಎಸ್. ಸೀಟುಗಳನ್ನು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯು ಹಂಚುತ್ತದೆ. ರಾಜ್ಯದ ಖಾಸಗಿ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಪ್ರವೇಶ ನಡೆಯುತ್ತದೆ, ಮತ್ತು ಅಲ್ಲಿ ಕಡಿಮೆ ಶುಲ್ಕದ ಸರ್ಕಾರಿ ಕೋಟಾದ ಸೀಟುಗಳಿರುತ್ತವೆ. ಎರಡು ಕೌನ್ಸೆಲಿಂಗ್‌ಗಳಿಗೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು.